ಹುಳುಮನೆ, ನಿಲ್ದಾಣ ಸಂಖ್ಯೆ 216

ಸೋಲ್ ನಗರವನ್ನು ನಾಲ್ಕು ದಿನದಲ್ಲಿ ಸುತ್ತುವ ಬಗೆ ತಿಳಿಸುವ ಕೈಪಿಡಿಯೊಂದು ಈ ವಾರದ ಓದು. ಬರೆದವರು ತಾವು ನಡೆದ ದಾರಿಯನ್ನೇ ಬರೆದಿದ್ದಾರೆ, ಹಾಗಾಗಿ ನಂಬಬಹುದು. ಸಾರಿಗೆ ಕಾರ್ಡಿಗೆ ಎಲ್ಲಿ ದುಡ್ಡು ತುಂಬಿಸಬೇಕು, ಮೆಟ್ರೋದ ಎಷ್ಟನೇ ಬಾಗಿಲಿನಿಂದ ಹೊರಬಿದ್ದರೆ ಕಾಲಿಗೆ ಸುಖ, ನಾವು ನೆಚ್ಚಿಕೊಂಡ ಗೂಗಲ್ ನಕ್ಷೆಗಿಂತ ಅಲ್ಲಿಯವರ ನೇವರ್ ನಕ್ಷೆ ಏಕೆ ವಾಸಿ, ಎಲ್ಲವೂ ಅಚ್ಚುಕಟ್ಟು. ಎರಡನೇ ಮಾರ್ಗದ 216ನೇ ನಿಲ್ದಾಣ ಜಮ್‌ಶಿಲ್‌ಗೆ ಅರ್ಧ ದಿನ ಎತ್ತಿಟ್ಟಿದ್ದಾರೆ. ಅಲ್ಲಿ 123 ಅಂತಸ್ತು, 555 ಮೀಟರ್ ಎತ್ತರದ ಲೊಟ್ಟೆ ಗೋಪುರವಿದೆ (ಕನ್ನಡದಲ್ಲಿ ಬರೆದರೆ ನಗು ಬರುವ ಹೆಸರು, ಇರಲಿ), ಮಕ್ಕಳ ಆಟದ ಲೋಕವಿದೆ, ಕೆರೆಯಿದೆ, 1988ರ ಒಲಿಂಪಿಕ್ಸ್ ನಡೆದ ಕ್ರೀಡಾಂಗಣವಿದೆ. ಜಮ್‌ಶಿಲ್ ಎಂದರೇನು ಎಂಬುದು ಮಾತ್ರ ಕೈಪಿಡಿಯಲ್ಲಿಲ್ಲ. ಜಮ್ ಎಂದರೆ ರೇಷ್ಮೆಹುಳು, ಶಿಲ್ ಎಂದರೆ ಕೋಣೆ. ನಮ್ಮ ಕನಕಪುರ ಸೀಮೆಯ ಉಯ್ಯಂಬಳ್ಳಿ ಕಡೆಯ ಮಾತಿನಲ್ಲಿ ಹೇಳುವುದಾದರೆ, ಅದು ಹುಳುಮನೆ. ಕೊರಿಯದ ಜೋಸನ್ ಅರಸರ ಕಾಲದಲ್ಲಿ ಅಲ್ಲಿ ಹಿಪ್ಪುನೇರಳೆ ನೆಡಿಸಿ ಸರ್ಕಾರವೇ ಹುಳು ಸಾಕಿಸುತ್ತಿತ್ತು. ಆಗ ಅದು ಹಾನ್ ನದಿಯ ನಡುಗಡ್ಡೆ. 1970ರ ದಶಕದಲ್ಲಿ ನದಿಯ ಒಂದು ಕವಲನ್ನು ಮುಚ್ಚಿ ನೆಲ ಮಾಡಿದರು. ಇಂದು ಪ್ರವಾಸಿಗರು ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳುವ ಸೊಕ್‌ಚೊನ್ ಕೆರೆ ಆ ಹೊಳೆಯದೇ ಉಳಿಕೆ.

ಹಳೆಯ ಓದುಗರಿಗೆ ಮುಂದಿನ ಮಾತು ಗೊತ್ತಿರುತ್ತದೆ: ಹೆಸರಿನ ಅರ್ಥ ಹೇಳದ ಕೈಪಿಡಿ ಅರ್ಧ ಕೈಪಿಡಿ. ಮುತ್ತತ್ತಿಯ ಬಗೆಗಿನ ಅಂಕಣದಲ್ಲಿ ಇದನ್ನೇ ಹೇಳಿ ಬೈಸಿಕೊಂಡದ್ದಾಗಿದೆ. ಆದರೂ ಬಿಡಲಾಗದು, ಏಕೆಂದರೆ ಕನ್ನಡದ ಕೆಲವು ಪತ್ರಿಕೆಗಳು ಇಂದಿಗೂ ‘ಸಿಯೋಲ್’ ಎಂದೇ ಅಚ್ಚು ಹಾಕುತ್ತವೆ. ರೋಮನ್ ಲಿಪಿಯಲ್ಲಿ ಜೋಡಿಸಿದ ಅಕ್ಷರಗಳನ್ನು ನಾವು ಒಂದೊಂದಾಗಿ ಓದಿ ಕನ್ನಡಕ್ಕೆ ಇಳಿಸುತ್ತೇವೆ. ಆ ಊರಿನವರಿಗೆ ಹೆಸರಿನ ಮೇಲೆ ಎಷ್ಟು ಕಾಳಜಿಯೆಂದರೆ, ಚೀನೀಯರು ಹಳೆಯ ರೂಢಿಯಂತೆ ಹಾನ್‌ಚೆಂಗ್ ಎನ್ನುತ್ತಿದ್ದುದನ್ನು ಬಿಡಿಸಿ, ತಮ್ಮ ಉಚ್ಚಾರಕ್ಕೆ ಹತ್ತಿರವಾದ ಬೇರೆ ಅಕ್ಷರಗಳನ್ನು 2005ರಲ್ಲಿ ತಾವೇ ಆರಿಸಿ ಕೊಟ್ಟರು. ಐದು ವರ್ಷ ಮೊದಲು, 2000ದಲ್ಲಿ, ಕೊರಿಯನ್ನರು ಲಿಪ್ಯಂತರದ ನಿಯಮವನ್ನೇ ತಿದ್ದಿ ಪೂಸಾನ್ ನಗರವನ್ನು ಬೂಸಾನ್ ಮಾಡಿಕೊಂಡಿದ್ದರು. ಪಕಾರ ಬಕಾರದ ಈ ಜಗಳ ನಮಗೇನೂ ಹೊಸದಲ್ಲ. ಕೊರಿಯನ್ನರ ಅನ್ನ ಒಂಟಿಯಾಗಿದ್ದಾಗ ‘ಪಾಪ್’ ಎಂಬಂತೆ ಕೇಳುತ್ತದೆ, ಕಿಂಬಾಪ್‌ನಲ್ಲಿ ಅನುನಾಸಿಕದ ಬೆನ್ನಿಗೆ ಬಂದಾಗ ಬಕಾರವಾಗುತ್ತದೆ. ಕಣ್ಣು ಮತ್ತು ಪನಿ ಕೂಡಿ ಕಂಬನಿ ಆಗುವುದನ್ನು ಶಾಲೆಯಲ್ಲಿ ಆದೇಶ ಸಂಧಿ ಎಂದು ಬಾಯಿಪಾಠ ಮಾಡಿದವರು ನಾವು.

ಉಯ್ಯಂಬಳ್ಳಿ ಎಂಬ ಹೆಸರಿನ ಬಾಲವನ್ನು ಈ ಬೆಳಕಿನಲ್ಲಿ ನೋಡಬೇಕು. ಕನಕಪುರ ಸೀಮೆಯಲ್ಲಿ ಹಳ್ಳಿಗಳು ಸಾಲುಗಟ್ಟಿವೆ, ದನದ ಕೊಟ್ಟಿಗೆಯ ಸುತ್ತ ಬೆಳೆದ ದೊಡ್ಡಿಗಳಂತೂ ಲೆಕ್ಕಕ್ಕೇ ಸಿಗವು. ಇಲ್ಲಿ ಮಾತ್ರ ‘ಬಳ್ಳಿ’ ಏಕೆ? ಗಿಡಬಳ್ಳಿಯ ಕಥೆ ಕಟ್ಟುವುದು ಸುಲಭ, ಕೈಪಿಡಿಗಳಿಗೆ ಅಂಥ ಕಥೆ ಪ್ರಿಯವೂ ಹೌದು. ನನ್ನ ತರ್ಕ ಬೇರೆ. ಹಳಗನ್ನಡದ ಪಳ್ಳಿ ನಡುಗನ್ನಡದ ಹೊತ್ತಿಗೆ ಹಳ್ಳಿಯಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. 13ನೇ ಶತಮಾನದ ವೈಯಾಕರಣ ಕೇಶಿರಾಜನಿಗೂ ಈ ಬದಲಾವಣೆ ಗೊತ್ತಿತ್ತು. ಆದರೆ ಪಕಾರದ ಹಿಂದೆ ಸೊನ್ನೆ ಕೂತಿದ್ದರೆ ಅದು ಮೊದಲೇ ಬಕಾರವಾಗಿಬಿಟ್ಟಿರುತ್ತದೆ. ಬಕಾರಕ್ಕೆ ಹಕಾರವಾಗುವ ರೋಗವಿಲ್ಲ. ಹಾಗಾಗಿ ಸುತ್ತಲಿನ ಪಳ್ಳಿಗಳೆಲ್ಲ ಹಳ್ಳಿಗಳಾದಾಗ ಇದೊಂದು ಬಳ್ಳಿಯಾಗಿ ಉಳಿಯಿತು. ಈ ತರ್ಕ ಸರಿಯಾದರೆ, ಹೆಸರಿನ ಆ ಸೊನ್ನೆ ಸಾವಿರ ವರ್ಷದ ಹಳೆಯ ಉಚ್ಚಾರವನ್ನು ಕಾಪಾಡಿಕೊಂಡಿದೆ. ಅತ್ತ ತಾಲ್ಲೂಕು ಕೇಂದ್ರದ ಕಾನಕಾನಹಳ್ಳಿ ತನ್ನ ಹಳ್ಳಿಯನ್ನೇ ಕಳಚಿಟ್ಟು ಕನಕಪುರವಾಯಿತು. ಇದನ್ನು ಯಾವ ಕೈಪಿಡಿಯೂ ಬರೆಯುವುದಿಲ್ಲ. ಅವುಗಳ ಲೆಕ್ಕದಲ್ಲಿ ಉಯ್ಯಂಬಳ್ಳಿ ಎಂಬುದು ಸಂಗಮಕ್ಕೂ ಮೇಕೆದಾಟಿಗೂ ಹೋಗುವವರು ಕಾರಿನ ಗಾಜು ಏರಿಸಿಕೊಂಡು ದಾಟುವ ಹೋಬಳಿ.

ಇಲ್ಲಿಯವರೆಗೆ ಬರೆದ ಮೇಲೆ ಅನುಮಾನ ಹುಟ್ಟುತ್ತದೆ. ಹೆಸರಿನ ಅರ್ಥ ತಿಳಿಸಿದ ಮಾತ್ರಕ್ಕೆ ಆ ಕೈಪಿಡಿ ನೆಟ್ಟಗಾಗುತ್ತಿತ್ತೇ? ‘ಜಮ್‌ಶಿಲ್ ಎಂದರೆ ರೇಷ್ಮೆಹುಳುವಿನ ಕೋಣೆ’ ಎಂದು ಒಂದು ಸಾಲು ಸೇರಿಸಿದ್ದರೆ, ಓದಿದವರು ‘ಓಹೋ’ ಎಂದು ಗೋಪುರದ ಟಿಕೆಟ್ ಕೊಳ್ಳಲು ಹೋಗುತ್ತಿದ್ದರು. ಹೆಸರಲ್ಲ, ಅಳತೆಗೋಲು ಎಲ್ಲಿ ಊರಿದೆ ಎಂಬುದು ನಿಜವಾದ ತಕರಾರು. ಸೋಲ್‌ನ ಕೈಪಿಡಿಯಲ್ಲಿ ಉಳಿದ ಕೊರಿಯವೆಲ್ಲ ‘ಸೋಲ್‌ನಿಂದ ಇಷ್ಟು ಗಂಟೆ’. ಮೇಕೆದಾಟಿನ ಕೈಪಿಡಿಯಲ್ಲಿ ಇಡೀ ಕಾವೇರಿ ಕಣಿವೆ ‘ಬೆಂಗಳೂರಿನಿಂದ ಇಷ್ಟು ಕಿಲೋಮೀಟರ್, ವಾರಾಂತ್ಯಕ್ಕೆ ಹೇಳಿಮಾಡಿಸಿದ ತಾಣ’. ಹುಳು ಸಾಕುವ ಮನೆಯವರಿಗೆ ವಾರಾಂತ್ಯ ಎಲ್ಲಿಂದ ಬರಬೇಕು? ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳು ಹಗಲು ರಾತ್ರಿ ಸೊಪ್ಪು ಬೇಡುತ್ತದೆ; ಮನೆ ತುಂಬ ಮಳೆ ಹನಿದಂತೆ ಮೇಯುವ ಸದ್ದು. ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಬಿಡಿಸಿದ್ದನ್ನು ಇಟ್ಟುಕೊಂಡು ಕೂತರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಕೊರೆದ ಗೂಡಿನಿಂದ ನೂಲು ಬಿಚ್ಚಲಾಗದು. ಆ ಮನೆಗೆ ದೂರ ಎಂದರೆ ಕನಕಪುರದ ಅಥವಾ ರಾಮನಗರದ ಗೂಡಿನ ಮಾರುಕಟ್ಟೆಗೆ ಹರಾಜಿನ ಹೊತ್ತಿಗೆ ಮುಟ್ಟುವಷ್ಟು ದೂರ. ಬೆಂಗಳೂರು ಆ ಲೆಕ್ಕದಲ್ಲಿ ಎಲ್ಲೋ ಅಂಚಿನಲ್ಲಿದೆ.

ಅಳತೆಗೋಲು ಹೊರಗಿನವರ ಕೈಗೆ ಹೋದಾಗ ಏನಾಗುತ್ತದೆಂದು ಈ ಸೀಮೆಗೆ ಹೇಳಿಕೊಡಬೇಕಿಲ್ಲ. ರಾಮನಗರ ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ. ಊರು ಆ ಹೆಸರನ್ನು ಕೊಡವಿಕೊಂಡಿತು, ಬಂಡೆಗೆ ಆಗಲಿಲ್ಲ. ಭೂವಿಜ್ಞಾನಿಗಳು ಸುಮಾರು 250 ಕೋಟಿ ವರ್ಷದ ಆ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಕೊರಿಯದಲ್ಲೂ ನಮ್ಮವರು ಇದನ್ನೇ ಮಾಡಿದ್ದುಂಟು. ಯುದ್ಧ ನಿಂತ ಮೇಲೆ 1953ರಲ್ಲಿ ಕೈದಿಗಳ ಉಸ್ತುವಾರಿಗೆ ಹೋದ ಭಾರತೀಯ ಪಡೆಯ ಶಿಬಿರಕ್ಕೆ ಹಿಂದ್ ನಗರ ಎಂದು ಹೆಸರು. ಆ ಕೈದಿಗಳ ಹಸ್ತಾಂತರದ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ಪಡೆ ಹಿಂದಿರುಗಿತು, ಹೆಸರೂ ಅದರೊಡನೆ ಬಂತು. 2025ರ ಮೇನಲ್ಲಿ ನಮ್ಮ ಸಚಿವ ಸಂಪುಟ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ಒಪ್ಪಿತು. ಇನ್ನು ಕೈಪಿಡಿ ಬರೆಯುವವರಿಗೆ ಕೆಲಸವೇ ಇಲ್ಲ, ಎಲ್ಲಿಂದ ಅಳೆಯಬೇಕೆಂಬುದು ಹೆಸರಿನೊಳಗೇ ಕೂತಿದೆ. ಅಳತೆಯಾದರೂ ಸರಿಯಿದೆಯೇ ಎಂದರೆ ಅದೂ ಇಲ್ಲ. ಭೂಪಟ ಬಿಡಿಸಿದರೆ ಮಾಗಡಿ ಬೆಂಗಳೂರಿಗೆ ನೇರ ಪಶ್ಚಿಮ, ಹೆಚ್ಚುಕಡಿಮೆ ಅದೇ ಅಕ್ಷಾಂಶ. ಅಷ್ಟೇ ಅಲ್ಲ, 1638ರಲ್ಲಿ ಬಿಜಾಪುರದ ಪಡೆ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ವಂಶ 1728ರವರೆಗೆ ಆಳಿದ್ದು ಮಾಗಡಿಯಿಂದ. ಆ ತೊಂಬತ್ತು ವರ್ಷಗಳಲ್ಲಿ ಯಾರಾದರೂ ಕೈಪಿಡಿ ಬರೆದಿದ್ದರೆ ಬೆಂಗಳೂರು ‘ಮಾಗಡಿ ಪೂರ್ವ’ ಆಗಬೇಕಿತ್ತು.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ, ಎರಡೂ ಹಗುರವಲ್ಲ. ಮೊದಲನೆಯದು: ಈ ತಾಲ್ಲೂಕುಗಳು ಮೊದಲಿಂದಲೂ ಬೆಂಗಳೂರು ಜಿಲ್ಲೆಯವೇ, 1986ರಲ್ಲಿ ಗ್ರಾಮಾಂತರಕ್ಕೆ ಹೋದವು, 2007ರಲ್ಲಿ ರಾಮನಗರ ಜಿಲ್ಲೆಯಾದವು, ಈಗ ತವರಿನ ಹೆಸರು ಮರಳಿ ಬಂದಿದೆ. ಸರಿ. ಆದರೆ ಮಗಳನ್ನು ತವರಿಗೆ ಕರೆದವರು ಅವಳ ಹೆಸರನ್ನು ‘ದಕ್ಷಿಣದ ಕೋಣೆ’ ಎಂದು ಬದಲಿಸುವುದಿಲ್ಲ. ಎರಡನೆಯದು ಬಲವಾದದ್ದು, ಅದಕ್ಕೆ ಸಾಕ್ಷಿ ಸೋಲ್‌ನಲ್ಲೇ ಇದೆ. ಗಂಗ್ನಮ್ ಎಂದರೆ ‘ನದಿಯ ದಕ್ಷಿಣ’ ಎಂದಷ್ಟೇ ಅರ್ಥ. 1963ರವರೆಗೆ ಅದು ಸೋಲ್‌ಗೆ ಸೇರಿರಲೇ ಇಲ್ಲ, ಗದ್ದೆ ತೋಟಗಳ ನೆಲ. ಇಂದು ಜಗತ್ತೇ ಹಾಡಿ ಕುಣಿದ ಹೆಸರು. ದಿಕ್ಕಿನ ಹೆಸರಿನಿಂದ ಗಂಗ್ನಮ್‌ಗೆ ಭೂಮಿಯ ಬೆಲೆ ಬಂದರೆ ಕನಕಪುರಕ್ಕೆ ಏಕೆ ಬರಬಾರದು ಎಂದು ಕೇಳುವವರಿಗೆ ‘ಬರಬಹುದು’ ಎಂದೇ ಉತ್ತರ. ನನ್ನ ವಾದದ ಅರ್ಧ ಭಾಗ ಇಲ್ಲಿ ಕುಸಿಯುತ್ತದೆ, ಒಪ್ಪುತ್ತೇನೆ. ಉಳಿದರ್ಧ ಹೀಗಿದೆ: ಅದೇ ನೆಲಕ್ಕೆ ಮೊದಲಿದ್ದ ಹೆಸರು ಯಂಗ್‌ದಂಗ್, ಅಂದರೆ ಯಂಗ್‌ದಂಗ್‌ಪೊ ಎಂಬ ಇನ್ನೊಂದು ಊರಿನ ಪೂರ್ವ. ಆ ಹೆಸರು ಹಿಂದೆ ಸರಿಯಿತು. ಗೆದ್ದದ್ದು ನದಿಯಿಂದ ಅಳೆದ ಹೆಸರು, ಊರಿನಿಂದ ಅಳೆದದ್ದಲ್ಲ. ಉಯ್ಯಂಬಳ್ಳಿ ಸೀಮೆಯ ಕೆಳಗೂ ಅರ್ಕಾವತಿ ಬಂದು ಕಾವೇರಿಗೆ ಬೀಳುತ್ತಾಳೆ. ದಿಕ್ಕೇ ಬೇಕಿದ್ದರೆ ಹೊಳೆಯನ್ನು ಕೇಳಬಹುದಿತ್ತು.

ಆ ಕೈಪಿಡಿಯನ್ನು ಕನಕಪುರ ಸೀಮೆಯ ಹುಳು ಸಾಕುವವರಿಗಾಗಿ ತಿದ್ದುವುದಾದರೆ ಜಮ್‌ಶಿಲ್‌ನ ಪುಟ ಹೀಗಿರಬೇಕು. ಎರಡನೇ ಮಾರ್ಗ, ನಿಲ್ದಾಣ 216, ಹುಳುಮನೆ. ಈಗ ಹುಳುವೂ ಇಲ್ಲ, ಸೊಪ್ಪೂ ಇಲ್ಲ. ಗೋಪುರಕ್ಕೆ ಹತ್ತುವುದು ನಿಮ್ಮಿಷ್ಟ. ಹತ್ತಿದರೆ ಹೊಳೆ ಮೊದಲು ಎಲ್ಲಿ ಹರಿಯುತ್ತಿತ್ತೆಂದು ಕೆರೆಯನ್ನು ನೋಡಿ ಊಹಿಸಿ. ಸಂಜೆ ಬೀದಿಯಲ್ಲಿ ಕಾಗದದ ಲೋಟಕ್ಕೆ ಬೇಯಿಸಿದ ರೇಷ್ಮೆ ಪ್ಯೂಪಾ ತುಂಬಿ ಕೊಡುವ ಗಾಡಿ ಸಿಗಬಹುದು, ಅದಕ್ಕೆ ಬನ್‌ದೆಗಿ ಎನ್ನುತ್ತಾರೆ. ಬೇರೆ ಕೈಪಿಡಿಗಳು ಅದನ್ನು ಎಂಟೆದೆಯವರ ತಿಂಡಿ ಎಂದು ವರ್ಣಿಸಿವೆ. ನೀವು ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ. ರಾಮನಗರದಲ್ಲಿ ನೂಲು ಬಿಚ್ಚುವ ಮನೆಗಳ ಓಣಿಯಲ್ಲಿ ಬೆಳಗಿನ ಹೊತ್ತು ಬರುವ ವಾಸನೆಯೇ ಅದು, ಉಪ್ಪು ಸ್ವಲ್ಪ ಮುಂದು.