ದೋಣಿಯ ಲೆಕ್ಕ, ಮನೆಯ ಲೆಕ್ಕ

ಮಕ್ಕಳೇ, ಈ ವಾರ ಮೊದಲು ನನ್ನದೊಂದು ತಪ್ಪು ಒಪ್ಪಿಕೊಂಡು, ಆಮೇಲೆ ಮಾತು ಮುಂದುವರಿಸುತ್ತೇನೆ. ಅಜ್ಜಂದಿರು ಯಾವಾಗಲೂ ನಿಜವನ್ನೇ ಹೇಳುತ್ತಾರೆ ಎಂದು ನೀವು ನಂಬಿದ್ದರೆ ಆ ನಂಬಿಕೆಯನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಿ.

ಕಳೆದ ದಸರಾ ರಜೆಯಲ್ಲಿ ಸಾಗರದಿಂದ ಬಸ್ ಹತ್ತಿ, ಜೋಗ ದಾಟಿ, ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರಕ್ಕೆ ಹೋಗಿದ್ದೆವು. ನಾನು, ನನ್ನ ಹೆಂಡತಿ, ಎಂಟನೇ ತರಗತಿಯ ಮೊಮ್ಮಗ, ಐದನೇ ತರಗತಿಯ ಪುಟ್ಟಿ. ಪುಟ್ಟಿಗೆ ಅಲ್ಲಿ ಬೇಕಾಗಿದ್ದು ಒಂದೇ, ದೋಣಿ. ಮೊದಲೆಲ್ಲ ವರ್ಷಕ್ಕೊಮ್ಮೆ ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತುತ್ತಿದ್ದೆವು. ಬಸ್ಸು, ಜೀಪು, ಬೈಕು, ಜನ ಎಲ್ಲರನ್ನೂ ಹೊತ್ತು ಅದು ಹಿನ್ನೀರಿನ ಮೇಲೆ ಸಾಗುವಾಗ ಪುಟ್ಟಿ ಕಂಬಿ ಹಿಡಿದು ನಿಂತರೆ ಅಲುಗಾಡುತ್ತಿರಲಿಲ್ಲ. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ತೆರೆಯಿತು. ಹೊಳೆಯಾಚೆಯ ಊರಿನವರು ಎಷ್ಟೋ ವರ್ಷ ಕಾದಿದ್ದ ಸೇತುವೆ ಅದು. ಅವರಿಗೆ ಒಳ್ಳೆಯದಾಯಿತು. ಪುಟ್ಟಿ ಮಾತ್ರ, ‘ಹಾಗಾದರೆ ನನಗೆ ದೋಣಿ ಎಲ್ಲಿ?’ ಎಂದಳು. ‘ಹೊನ್ನಾವರದಲ್ಲಿ’ ಎಂದು ನಾನು ಮಾತು ಕೊಟ್ಟಿದ್ದೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ ಬರುವ ನಮ್ಮ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಅಲ್ಲಿ ಹೊಳೆ ಅಗಲವಾಗಿ, ಶಾಂತವಾಗಿ ಇರುತ್ತದೆ. ದಡದಲ್ಲಿ ಕಾಂಡ್ಲಾ ಗಿಡಗಳು ಬೇರುಗಳನ್ನು ಕಾಲುಗಳಂತೆ ಊರಿಕೊಂಡು ಉಪ್ಪುನೀರಿನಲ್ಲಿ ನಿಂತಿರುತ್ತವೆ. ಅವುಗಳ ನಡುವೆ ದೋಣಿಯಲ್ಲಿ ಸುತ್ತಾಡಿಸುತ್ತಾರೆ.

ದಡದಲ್ಲಿದ್ದ ಹಲಗೆಯ ಮೇಲೆ ದರ ಬರೆದಿತ್ತು. ಹಳೆಯ ದರದ ಮೇಲೆ ಚೀಟಿ ಅಂಟಿಸಿ ಹೊಸ ದರ ಬರೆದಿದ್ದರು. ನಾನು ಮನೆಯಿಂದ ಹೊರಡುವಾಗ ಹಾಕಿಕೊಂಡಿದ್ದ ಲೆಕ್ಕ ಹಳೆಯದು. ಜೇಬು ಮುಟ್ಟಿ ನೋಡಿಕೊಂಡೆ. ದೋಣಿ ಹತ್ತಿದರೆ ಊಟಕ್ಕೂ ವಾಪಸಿನ ಬಸ್ಸಿಗೂ ಕಷ್ಟ. ಪುಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೇಳಿದೆ, ‘ಇವತ್ತು ನೀರಿನ ಸೆಳೆತ ಜೋರಿದೆಯಂತೆ, ದೋಣಿ ಬಿಡೋದಿಲ್ಲವಂತೆ.’

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಒಂದು ದೋಣಿ ತುಂಬಾ ಜನ ನಗುತ್ತಾ ದಡಕ್ಕೆ ಬಂದರು. ಪುಟ್ಟಿ ದೋಣಿ ನೋಡಿದಳು, ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ. ಅವಳು ಅತ್ತಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ನನ್ನ ಹೆಂಡತಿ, ‘ದುಡ್ಡು ಸಾಲದು ಅಂತ ಮಕ್ಕಳಿಗೆ ಹೇಳೋದರಲ್ಲಿ ನಾಚಿಕೆ ಏನಿದೆ? ನಾಚಿಕೆ ಇರೋದು ನೀರು ಜೋರಿದೆ ಅಂದದ್ದರಲ್ಲಿ’ ಎಂದಳು. ಮರುದಿನ ಬೆಳಿಗ್ಗೆ ಲೆಕ್ಕದ ಪುಸ್ತಕ ತೆಗೆದುಕೊಂಡು ಮೊಮ್ಮಕ್ಕಳ ಮುಂದೆ ಕುಳಿತೆ. ತಪ್ಪಾಯಿತು ಎಂದೆ. ಪುಟ್ಟಿ ತಲೆ ಆಡಿಸಿ, ‘ದುಡ್ಡು ಯಾಕೆ ಸಾಲಲಿಲ್ಲ?’ ಎಂದಳು. ಸರಿಯಾದ ಪ್ರಶ್ನೆ. ಮೂವರೂ ಪುಟ ತಿರುವಿದೆವು.

2025ರ ಮೊದಲ ನಾಲ್ಕು ತಿಂಗಳನ್ನು ನೋಡಿ. ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇಕಡಾ 15ರಷ್ಟು ಏರಿತು. ಅಜ್ಜಿಗೂ ಪುಟ್ಟಿಗೂ ‘ಶಕ್ತಿ’ ಯೋಜನೆಯಲ್ಲಿ ಉಚಿತ ಪ್ರಯಾಣ. ಗಂಡಸರಾದ ನಮಗಿಬ್ಬರಿಗೆ ಟಿಕೆಟ್. ಏಪ್ರಿಲ್ ತಿಂಗಳಲ್ಲಿ ಮೂರು ಏರಿಕೆ ಒಟ್ಟಿಗೇ ಬಂದವು. ನಂದಿನಿ ಹಾಲು ಲೀಟರಿಗೆ 4 ರೂಪಾಯಿ, ಡೀಸೆಲ್ ಲೀಟರಿಗೆ 2 ರೂಪಾಯಿ, ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ. ನಮ್ಮ ಮನೆಗೆ ದಿನಕ್ಕೆ ಒಂದೂವರೆ ಲೀಟರ್ ಹಾಲು ಬೇಕು. ಅಂದರೆ ದಿನಕ್ಕೆ 6 ರೂಪಾಯಿ, ತಿಂಗಳಿಗೆ 180. ಸಿಲಿಂಡರ್ ತಿಂಗಳಿಗೆ ಒಂದು, ಅದರ 50 ಸೇರಿಸಿದರೆ 230. ಹನ್ನೆರಡು ತಿಂಗಳಿಗೆ ಎಷ್ಟು? ಮೊಮ್ಮಗ ಬಾಯಲ್ಲೇ ಗುಣಿಸಿ, ‘2,760’ ಎಂದ. ಪುಟ್ಟಿ ಪೆನ್ಸಿಲ್ ಕೆಳಗಿಟ್ಟಳು. ‘ಅಲ್ಲಿದೆ ನಮ್ಮ ದೋಣಿ’ ಎಂದಳು.

ಹಾಲಿನ ದರ ಏರಿದ್ದಕ್ಕೆ ಡೀಸೆಲ್ ಒಂದೇ ಕಾರಣವಲ್ಲ. ಹಸು ಸಾಕುವವರಿಗೂ ಮೇವು, ಹಿಂಡಿಯ ಖರ್ಚು ಇದೆ. ಆದರೆ ಹಾಲಿನ ಕ್ಯಾನು ಡೇರಿಗೆ ಹೋಗುವುದು, ಪ್ಯಾಕೆಟ್ಟು ನಮ್ಮ ಬೀದಿಗೆ ಬರುವುದು ಡೀಸೆಲ್ ಗಾಡಿಯಲ್ಲೇ. ತರಕಾರಿ, ಅಕ್ಕಿ, ನಿಮ್ಮ ಶಾಲೆಯ ಪುಸ್ತಕ ಕೂಡ ಹಾಗೆಯೇ. ಡೀಸೆಲ್ಲನ್ನು ನಾವು ಯಾರೂ ಕುಡಿಯುವುದಿಲ್ಲ. ಆದರೂ ಅದು ಚೂರು ಚೂರಾಗಿ ನಮ್ಮ ತಟ್ಟೆಯೊಳಕ್ಕೆ ಬಂದಿರುತ್ತದೆ.

ಇಂಧನದ ಬೆಲೆ ಏರುವುದೇಕೆ ಎಂದು ಮೊಮ್ಮಗ ಕೇಳಿದ. ಪೆಟ್ರೋಲ್, ಡೀಸೆಲ್ ಎರಡೂ ಕಚ್ಚಾತೈಲದಿಂದ ಬರುತ್ತವೆ. ಅದನ್ನು ಅಳೆಯುವುದು ಬ್ಯಾರೆಲ್ಲಿನಲ್ಲಿ, ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್. ನಮ್ಮ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಎಲ್ಲೋ ಯುದ್ಧವಾದರೆ, ಹಡಗಿನ ದಾರಿಗೆ ಅಡ್ಡಿಯಾದರೆ, ಡಾಲರಿನ ಎದುರು ರೂಪಾಯಿ ಇಳಿದರೆ ನಮಗೆ ಅದು ದುಬಾರಿ. 1973ರ ಕೊನೆಯಲ್ಲಿ ಪಶ್ಚಿಮ ಏಷ್ಯಾದ ಯುದ್ಧದಿಂದಾಗಿ ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು 4 ಪಟ್ಟಾಗಿತ್ತು. ಸೀಮೆಎಣ್ಣೆಯ ಡಬ್ಬ ಹಿಡಿದು ಸಾಲಿನಲ್ಲಿ ನಿಂತ ನೆನಪು ನನ್ನ ವಯಸ್ಸಿನ ಓದುಗರಿಗೆ ಇರಬಹುದು.

ಇದರ ಮೇಲೆ ಕೇಂದ್ರ, ರಾಜ್ಯ ಎರಡೂ ಸರ್ಕಾರಗಳ ತೆರಿಗೆ ಸೇರುತ್ತದೆ. ಆ ತೆರಿಗೆಯಿಂದಲೇ ರಸ್ತೆ, ಶಾಲೆ, ಆಸ್ಪತ್ರೆಗಳಿಗೂ ಹಣ ಬರುತ್ತದೆ ಎನ್ನುವುದನ್ನೂ ಮರೆಯಬಾರದು. ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಹೆಚ್ಚಿ ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ ಸುಮಾರು 3 ರೂಪಾಯಿ ಏರಿದವು. ಮುಂದಿನ ಏಪ್ರಿಲ್‌ನ 2 ರೂಪಾಯಿಯೂ ತೆರಿಗೆಯದೇ. ಇಳಿದದ್ದೂ ಉಂಟು. 2024ರ ಮಾರ್ಚ್‌ನಲ್ಲಿ ಲೀಟರಿಗೆ 2 ರೂಪಾಯಿ ಕಡಿಮೆಯಾಗಿತ್ತು. ಆದರೆ ನನ್ನ ಪುಸ್ತಕದಲ್ಲಿ ಹುಡುಕಿದರೆ ಆ ಇಳಿಕೆ ಎಲ್ಲೂ ಕಾಣಲಿಲ್ಲ. ಬೆಲೆ ಏರುವಾಗ ಮನೆ ಬಾಗಿಲಿಗೇ ಬರುತ್ತದೆ, ಇಳಿಯುವಾಗ ಪೆಟ್ರೋಲ್ ಬಂಕಿನಲ್ಲೇ ನಿಂತುಬಿಡುತ್ತದೆ.

ಸರಿ, ಕಾರಣ ತಿಳಿಯಿತು, ದೋಣಿಗೆ ಏನು ಮಾಡುವುದು? ಉಪಾಯ ಹೇಳಿದವನು ಮೊಮ್ಮಗ. ಅವನ ಶಾಲೆ ಮನೆಯಿಂದ ಒಂದೂವರೆ ಕಿಲೋಮೀಟರ್. ನಾನು ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದೆ, ಸಂಜೆ ಕರೆತರುತ್ತಿದ್ದೆ. ಹೋಗಿ ಬರುವುದು ಎರಡು ಸಲ, ದಿನಕ್ಕೆ 6 ಕಿಲೋಮೀಟರ್. 24 ದಿನಕ್ಕೆ 144. ನನ್ನ ಸ್ಕೂಟರ್ ಲೀಟರಿಗೆ 45 ಕೊಡುತ್ತದೆ. ಅಂದರೆ ಮೂರು ಲೀಟರಿಗೂ ಸ್ವಲ್ಪ ಹೆಚ್ಚು ಪೆಟ್ರೋಲ್. ಲೀಟರಿಗೆ 103 ರೂಪಾಯಿಯಂತೆ ತಿಂಗಳಿಗೆ ಸುಮಾರು 330 ರೂಪಾಯಿ! ‘ನಾನು ಸೈಕಲ್ಲಿನಲ್ಲಿ ಹೋಗುತ್ತೇನೆ. ಆ ದುಡ್ಡನ್ನು ಡಬ್ಬಿಗೆ ಹಾಕು’ ಎಂದ. ನವೆಂಬರ್, ಡಿಸೆಂಬರ್ ಎರಡು ತಿಂಗಳು ಡಬ್ಬಿ ತುಂಬಿತು. ಜನವರಿಯ ಒಂದು ಭಾನುವಾರ ಮತ್ತೆ ಘಟ್ಟ ಇಳಿದೆವು.

ಈ ಸಲ ಅದೇ ದಡದಲ್ಲಿ ಇನ್ನೊಂದು ಕುಟುಂಬ ಹಲಗೆ ನೋಡುತ್ತಾ ನಿಂತಿತ್ತು. ಅವರು ಐವರು, ನಾವು ನಾಲ್ವರು. ‘ಒಂದೇ ದೋಣಿಯಲ್ಲಿ ಹೋಗೋಣವೇ?’ ಎಂದು ನಾನೇ ಕೇಳಿದೆ. ದೋಣಿಗೆ ಹತ್ತು ಜನರ ಮಿತಿ. ಬಾಡಿಗೆ ಹಂಚಿಕೊಳ್ಳುವ ಆಸೆಗೆ ಮಿತಿ ಮೀರಿ ಜನ ಹತ್ತಬಾರದು, ಲೈಫ್ ಜಾಕೆಟ್ ಇಲ್ಲದೆ ಕೂರಲೇಬಾರದು. ಇದು ಲೆಕ್ಕಕ್ಕಿಂತ ದೊಡ್ಡ ಮಾತು.

ದೋಣಿಯ ಅಣ್ಣ ಕೂಡಲೇ ಹೊರಡಲಿಲ್ಲ. ‘ಸ್ವಲ್ಪ ತಡೀರಿ, ನೀರು ಇನ್ನೂ ಏರ್ತಾ ಇದೆ. ಏರುವ ನೀರಿನ ಜೊತೆ ಮೇಲೆ ಹೋಗಿ, ಇಳಿಯುವ ನೀರಿನ ಜೊತೆ ವಾಪಸ್ ಬರುವ’ ಎಂದರು. ಸಮುದ್ರದ ಉಬ್ಬರ ಹೊಳೆಯೊಳಕ್ಕೂ ಬರುತ್ತದೆ, ಸುಮಾರು ಆರು ಗಂಟೆ ಏರಿ ಮತ್ತೆ ಆರು ಗಂಟೆ ಇಳಿಯುತ್ತದೆ. ನೀರು ತಿರುಗುವ ಹೊತ್ತು ನೋಡಿ ಹೊರಟರೆ ಎರಡೂ ಕಡೆ ಹೊಳೆಯೇ ನೂಕುತ್ತದೆ. ಎಂಜಿನ್ನಿಗೆ ಕೆಲಸ ಕಡಿಮೆ.

ದೋಣಿ ನಿಧಾನವಾಗಿಯೇ ಹೋಗುತ್ತಿತ್ತು. ‘ಇನ್ನೂ ಜೋರಾಗಿ!’ ಎಂದ ಮೊಮ್ಮಗ. ಅವರು ನಕ್ಕು, ‘ಕೈ ನೀರಿಗೆ ಇಳಿಸಿ ನೋಡು’ ಎಂದರು. ನೀವೂ ಮನೆಯಲ್ಲಿ ಬಕೆಟ್ಟಿನ ನೀರಿನಲ್ಲಿ ಅಂಗೈ ಅಗಲಿಸಿ ಎಳೆದು ನೋಡಿ. ನಿಧಾನವಾಗಿ ಎಳೆದರೆ ಸಲೀಸು, ಬೇಗ ಎಳೆದರೆ ನೀರು ಕೈಯನ್ನು ತಡೆಯುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ದೋಣಿಯ ವೇಗ ಎರಡು ಪಟ್ಟಾದರೆ ನೀರಿನ ತಡೆ ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸ್ವಲ್ಪ ಆತುರಪಟ್ಟರೂ ಡೀಸೆಲ್ ತುಂಬಾ ಖರ್ಚು.

‘ಡೀಸೆಲ್ ಏರಿದ್ದಕ್ಕೇ ನೀವು ದರ ಏರಿಸಿದ್ದಾ?’ ಎಂದು ಮೊಮ್ಮಗ ಕೇಳಿಯೇಬಿಟ್ಟ. ಅವರು ಬೇಸರಿಸಲಿಲ್ಲ. ‘ನೀನೇ ಲೆಕ್ಕ ಮಾಡು’ ಎಂದರು. ಒಂದು ಸುತ್ತಿಗೆ 5 ಲೀಟರ್ ಬೇಕು ಎಂದು ಇಟ್ಟುಕೊಳ್ಳೋಣ. ಲೀಟರಿಗೆ 5 ರೂಪಾಯಿ ಏರಿದರೆ ಸುತ್ತಿಗೆ 25 ರೂಪಾಯಿ. ಹತ್ತು ಜನ ಹಂಚಿಕೊಂಡರೆ ತಲೆಗೆ ಎರಡೂವರೆ. ‘ಇಷ್ಟೇನಾ?’ ಎಂದ ಮೊಮ್ಮಗ. ನನಗೂ ಆಶ್ಚರ್ಯವಾಯಿತು.

‘ಟ್ಯಾಂಕಿನ ಲೆಕ್ಕ ಅಷ್ಟೇ ಮಾರಾಯ. ಹೊಡೆತ ಬೀಳೋದು ಅಲ್ಲಲ್ಲ’ ಎಂದರು ಅವರು. ‘ಮೊದಲು ಹತ್ತು ಜನ ಬರುವಲ್ಲಿ ಈಗ ನಾಲ್ಕು ಜನ ಬರ್ತಾರೆ. ನಾಲ್ಕು ಜನ ಕೂತರೂ ದೋಣಿ ಹೆಚ್ಚುಕಡಿಮೆ ಅಷ್ಟೇ ಡೀಸೆಲ್ ಕುಡೀತದೆ. ಸುತ್ತಿನ ಖರ್ಚು 1,000 ಅಂತ ಹೇಳು. ಹತ್ತು ಜನ ಇದ್ದರೆ ತಲೆಗೆ 100, ನಾಲ್ಕು ಜನ ಇದ್ದರೆ 250. ದರ ಏರಿಸಿದರೆ ಇನ್ನೂ ಕಡಿಮೆ ಜನ. ಏರಿಸದಿದ್ದರೆ ನಮ್ಮ ಮನೆ ನಡೀಲಿಕ್ಕಿಲ್ಲ. ಹಲಗೆ ನೋಡಿ ಎಷ್ಟೋ ಮಂದಿ ಹಾಗೇ ತಿರುಗಿ ಹೋಗ್ತಾರೆ. ಪಾಪ, ಮಕ್ಕಳಿಗೆ ಏನಾದರೂ ನೆಪ ಹೇಳ್ತಾರೆ.’

ನಾನು ಕಾಂಡ್ಲಾ ಗಿಡಗಳ ಕಡೆ ಮುಖ ತಿರುಗಿಸಿದೆ. ಪುಟ್ಟಿ ನನ್ನ ಕೈ ಹಿಡಿದುಕೊಂಡಳು.

ಅವರ ಮಾತು ಕೇಳಿದ ಮೇಲೆ ನನಗೆ ಹೊಳೆದದ್ದು ಇದು. ಇಂಧನದ ಬೆಲೆ ಆ ದೋಣಿಗೆ ಎರಡು ದಾರಿಯಿಂದ ಬರುತ್ತದೆ. ಒಂದು ಟ್ಯಾಂಕಿನ ದಾರಿ, ಅದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ನಮ್ಮ ನಿಮ್ಮ ಮನೆಗಳ ದಾರಿ. ಹಾಲು, ಸಿಲಿಂಡರ್, ಬಸ್ಸಿನಲ್ಲಿ ದುಡ್ಡು ಸೋರಿದಾಗ ನಾವು ಅನ್ನ ಬಿಡಲಾರೆವು, ಔಷಧಿ ಬಿಡಲಾರೆವು, ಶಾಲೆಯ ಫೀಸು ಬಿಡಲಾರೆವು. ಮೊದಲು ಬಿಡುವುದು ದೋಣಿಯನ್ನು. ನಮ್ಮ ಪುಸ್ತಕದಲ್ಲಿ ‘ಮೋಜು’ ಎಂದು ಬರೆದಿರುವುದು ಅವರ ಪುಸ್ತಕದಲ್ಲಿ ‘ಅಕ್ಕಿ’ ಎಂದಿರುತ್ತದೆ. ಅವರೂ ಅದೇ ಹಾಲು, ಅದೇ ಸಿಲಿಂಡರ್ ಕೊಳ್ಳುವವರು.

ಕಾಂಡ್ಲಾವನದ ಒಳಕ್ಕೆ ಹೋದಾಗ ಅವರು ಎಂಜಿನ್ ನಿಲ್ಲಿಸಿ ಗಳ ಹಿಡಿದರು. ಒಮ್ಮೆಲೇ ಸದ್ದೆಲ್ಲ ಅಡಗಿತು. ಬೇರುಗಳ ಸಂದಿಯಲ್ಲಿ ಏಡಿಗಳು ಓಡುತ್ತಿದ್ದವು. ಒಂದು ಮಿಂಚುಳ್ಳಿ ನೀರಿಗೆ ಹಾರಿ ಮೇಲೆದ್ದಿತು. ಹತ್ತು ನಿಮಿಷ ಒಂದು ತೊಟ್ಟು ಡೀಸೆಲ್ಲಿಲ್ಲದೆ ಹೋದೆವು. ಇಡೀ ಸುತ್ತಿನಲ್ಲಿ ಎಲ್ಲರಿಗೂ ಹೆಚ್ಚು ಇಷ್ಟವಾದದ್ದು ಆ ಹತ್ತು ನಿಮಿಷವೇ.

ಅಜ್ಜ ಅಜ್ಜಿಯರೇ, ಮನೆಯ ಲೆಕ್ಕವನ್ನು ಮಕ್ಕಳಿಂದ ಮುಚ್ಚಿಡಬೇಡಿ. ಅವರನ್ನು ಹೆದರಿಸಬೇಕಾಗಿಲ್ಲ, ಜೊತೆಗೆ ಕೂರಿಸಿಕೊಂಡರೆ ಸಾಕು. ನಮಗೆ ತೋಚದ ಸೈಕಲ್ಲು ಅವರಿಗೆ ತೋಚುತ್ತದೆ. ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಅಜ್ಜನ ಅಥವಾ ಅಜ್ಜಿಯ ಜೊತೆ ಕುಳಿತು, ನಿಮ್ಮ ಮನೆಗೆ ಒಂದು ದಿನದಲ್ಲಿ ಬಂದ ವಸ್ತುಗಳಲ್ಲಿ ಯಾವುದು ಗಾಡಿ ಹತ್ತದೆ ಬಂದದ್ದು ಎಂದು ಪಟ್ಟಿ ಮಾಡಿ. ನಮ್ಮ ಮನೆಯ ಪಟ್ಟಿಯಲ್ಲಿ ಮೂರೇ ಇದ್ದವು. ಹಿತ್ತಲ ಕರಿಬೇವು, ಬಾವಿಯ ನೀರು, ಪಕ್ಕದ ಮನೆಯವರು ಕೊಟ್ಟ ಬಾಳೆಗೊನೆ.

ಪುಟ್ಟಿ ನಮ್ಮ ಲೆಕ್ಕದ ಪುಸ್ತಕದಲ್ಲಿ ಈಗ ಹೊಸದೊಂದು ಸಾಲು ಎಳೆದಿದ್ದಾಳೆ. ಅಕ್ಕಿ, ಹಾಲು, ಗ್ಯಾಸ್, ಔಷಧಿಯ ಕೆಳಗೆ ಅವಳ ದುಂಡು ಅಕ್ಷರದಲ್ಲಿ ‘ದೋಣಿ’ ಎಂದು ಬರೆದಿದೆ. ತಿಂಗಳಿಗೆ 50 ರೂಪಾಯಿ. ಮೊದಲ ತಿಂಗಳ ನೋಟು ಡಬ್ಬಿಗೆ ಹಾಕುವಾಗ ಕೇಳಿದಳು, ‘ಅಜ್ಜ, ಮಳೆಗಾಲದಲ್ಲಿ ಹೊಳೆ ನಿಜವಾಗಿಯೂ ಜೋರಾಗುತ್ತದಲ್ಲ, ಆಗ ಆ ಅಣ್ಣ ಏನು ಮಾಡುತ್ತಾರೆ?’

ಉತ್ತರ ಹೊಳೆಯಲಿಲ್ಲ. ಮುಂದಿನ ಸಲ ಹೋದಾಗ ಅವರನ್ನೇ ಕೇಳೋಣ ಎಂದೆ.