ಬೇಟೆಗೆ ಬಯಲೆಲ್ಲಿದೆ?

ಮೊನ್ನೆ ತರಗತಿ ಮುಗಿಸಿ ಹೊರಬರುತ್ತಿದ್ದಾಗ ತಣಿಸಂದ್ರದ ಹುಡುಗನೊಬ್ಬ ಹಿಂದೆಯೇ ಬಂದ. ಆತಕೂರಿನ ಶಾಸನವನ್ನು ಆಗತಾನೆ ಪಾಠ ಮಾಡಿದ್ದೆ. ಹತ್ತನೆಯ ಶತಮಾನದ ಆ ಕಲ್ಲು ‘ಕಾಳಿ’ ಎಂಬ ಬೇಟೆನಾಯಿಯ ಕೀರ್ತಿಯನ್ನು ಹೇಳುತ್ತದೆ. ಕಾಡುಹಂದಿಯೊಡನೆ ಕಾದು ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹುಡುಗ ಕೇಳಿದ್ದು ಇಷ್ಟೇ: “ಸಾರ್, ನಮ್ಮ ಕಡೆ ಹೊಸಬರು ಹಕ್ಕಿನೋ ಮೊಲಾನೋ ಹೊಡೆಯೋದಕ್ಕೆ ಸರ್ಕಾರಿ ಜಾಗ ಎಲ್ಲಾದ್ರೂ ಇದೆಯಾ? ನಮ್ಮ ತಾತ ಗೋಮಾಳದಲ್ಲಿ ಉರುಲು ಹಾಕ್ತಿದ್ದರಂತೆ.”

“ಇಲ್ಲಪ್ಪಾ, ಅದು ಅಪರಾಧ” ಎಂದೆ. ಅವನು ತಲೆದೂಗಿ ಹೊರಟುಹೋದ. ಉತ್ತರ ಸರಿಯಾಗಿಯೇ ಇತ್ತು. ಆದರೆ ಅರ್ಧ ಉತ್ತರವಾಗಿತ್ತು. ಉಳಿದರ್ಧವನ್ನು ಈ ಅಂಕಣದ ಮೂಲಕ ಅವನಿಗೂ, ಅವನ ಪ್ರಶ್ನೆಯನ್ನು ಕೇಳಿ ಹುಬ್ಬುಗಂಟಿಕ್ಕಿದ ನನ್ನ ಸಹೋದ್ಯೋಗಿಗಳಿಗೂ ಹೇಳಬೇಕಾಗಿದೆ.

ಮೊದಲು ಕಾಯಿದೆಯ ಮಾತು. 1901ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನುಗಾರಿಕೆಗೆ ಕಟ್ಟುಪಾಡು ಹಾಕಿದ ರೆಗ್ಯುಲೇಷನ್ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಸಹ ಆರಂಭದಲ್ಲಿ ಬೇಟೆಯನ್ನು ಪೂರಾ ನಿಲ್ಲಿಸಲಿಲ್ಲ. ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ವಿಂಗಡಿಸಿ ಲೈಸೆನ್ಸು ಕೊಡುವ ಏರ್ಪಾಡು ಅದರಲ್ಲಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಇಂದು ಮೊಲ, ಗೌಜಲಕ್ಕಿ, ಲಾವಕ್ಕಿ, ನೀರುಕೋಳಿ ಎಲ್ಲವೂ ಕಾಯಿದೆಯ ಆಶ್ರಯದಲ್ಲಿವೆ. 2022ರ ತಿದ್ದುಪಡಿಯಾದ ಮೇಲೆ ಸಾಮಾನ್ಯ ಅಪರಾಧಕ್ಕೂ ಮೂರು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಉಂಟು. ನವಿಲಿನಂಥ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆ ಇನ್ನೂ ಕಠಿಣ. “ನನ್ನದು ಬರಿಯ ಏರ್‌ಗನ್, ಅದಕ್ಕೆ ಪರವಾನಗಿಯೇ ಬೇಡ” ಎಂದು ವಾದಿಸುವ ತರುಣರಿದ್ದಾರೆ. ಆಯುಧದ ಕಾಯಿದೆ ಬೇರೆ, ಪ್ರಾಣಿಯ ಕಾಯಿದೆ ಬೇರೆ. ಕವಣೆಕಲ್ಲಿನಿಂದ ಹೊಡೆದರೂ ಹಕ್ಕಿ ಸಾಯುತ್ತದೆ, ಅಪರಾಧವೂ ಆಗುತ್ತದೆ. ಸರ್ಕಾರಿ ಜಮೀನಾದರೇನು, ಸ್ವಂತ ತೋಟವಾದರೇನು, ವಿನೋದದ ಬೇಟೆಗೆ ಎಡೆಯಿಲ್ಲ.

ಈ ಕಾಯಿದೆ ಇರತಕ್ಕದ್ದೇ. ಅದನ್ನು ಸಡಿಲಿಸಬೇಕೆನ್ನುವವರ ಪಕ್ಷ ನನ್ನದಲ್ಲ. ಅವರ ವಾದ ನನಗೆ ಗೊತ್ತು: ಅಮೆರಿಕದಲ್ಲಿ ಸಾರ್ವಜನಿಕ ನೆಲದಲ್ಲಿ ಋತುಮಾನವನ್ನು ಕಟ್ಟಿ, ಲೆಕ್ಕವನ್ನು ಕಟ್ಟಿ ಬೇಟೆಗೆ ಬಿಡುತ್ತಾರೆ, 1934ರಿಂದ ಬಾತುಕೋಳಿ ಬೇಟೆಗಾರರು ಕೊಳ್ಳಬೇಕಾದ ಸ್ಟಾಂಪಿನ ಹಣ, 1937ರಿಂದ ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯ ಹಣ ಜೌಗುನೆಲದ ಮತ್ತು ವನ್ಯಜೀವಿಗಳ ರಕ್ಷಣೆಗೆ ಹೋಗುತ್ತದೆ, ಆದ್ದರಿಂದ ಬೇಟೆಗಾರನೇ ಕಾಡಿನ ರಕ್ಷಕ. ಸ್ವಾಮಿ, ಇದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅದೇ ದೇಶದಲ್ಲಿ ಆಕಾಶವನ್ನೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳವನ್ನು ಕೊಂದು ಕೊಂದು, ಕೊನೆಯ ಒಂದು 1914ರಲ್ಲಿ ಪಂಜರದಲ್ಲಿ ಸತ್ತ ಮೇಲೆ ಬಂದ ಬುದ್ಧಿ ಅದು. ಇನ್ನೊಂದು ಮಾತು: ಅಲ್ಲಿ ಮೊದಲು ನೆಲವಿದೆ, ಆಮೇಲೆ ಬೇಟೆಯ ನಿಯಮವಿದೆ. ತಣಿಸಂದ್ರದಲ್ಲಿ ನೆಲವೆಲ್ಲಿದೆ?

ನಾನು ಹೇಳಹೊರಟದ್ದು ಇಲ್ಲಿದೆ. ಹುಡುಗನಿಗೆ “ಬೇಟೆ ಅಪರಾಧ” ಎಂದು ಬುದ್ಧಿ ಹೇಳಿ ನಾವೆಲ್ಲ ಅಹಿಂಸಾವಾದಿಗಳಾಗಿ ಮನೆಗೆ ಬಂದೆವು. ಆದರೆ ಅವನ ತಾತನ ಗೋಮಾಳದ ಮೊಲವನ್ನು ಕೊಂದವರಾರು? ತಾತನ ಉರುಲಲ್ಲ. ಉರುಲು ವರ್ಷಕ್ಕೆ ನಾಲ್ಕು ಮೊಲ ಹಿಡಿದಿದ್ದೀತು. ಬಯಲು ಮರುವರ್ಷ ಎಂಟನ್ನು ಕೊಡುತ್ತಿತ್ತು. ಬಯಲೇ ಹೋದ ಮೇಲೆ ಕೊಡುವವರಾರು?

‘ಸಂದ್ರ’ ಎಂಬುದು ‘ಸಮುದ್ರ’ದ ತದ್ಭವ. ಕೆರೆಯನ್ನು ಸಮುದ್ರವೆಂದು ಕರೆದ ಹಿರಿಯರ ಹೆಮ್ಮೆ ಬೊಮ್ಮಸಂದ್ರ, ಸಿಂಗಸಂದ್ರ, ತಣಿಸಂದ್ರಗಳಲ್ಲಿ ಇನ್ನೂ ಉಳಿದಿದೆ. ಹೆಸರಿನಲ್ಲಿ ಉಳಿದಿದೆ ಎನ್ನಬೇಕು. 2003ರಲ್ಲಿ ಅರ್ಕಾವತಿ ಬಡಾವಣೆಗೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಗುರುತಿಸಿದ 16 ಹಳ್ಳಿಗಳಲ್ಲಿ ತಣಿಸಂದ್ರವೂ ಒಂದು. ಮೊದಲ ಅಧಿಸೂಚನೆಯ ವಿಸ್ತೀರ್ಣ 3,339 ಎಕರೆ. 2007ರಲ್ಲಿ ಊರು ಮಹಾನಗರ ಪಾಲಿಕೆಯ ಹೊಟ್ಟೆಗೆ ಸೇರಿತು. ರಾಗಿಯ ಹೊಲದ ಬದುವಿನಲ್ಲಿ ಗೌಜಲ ಕೂಗುತ್ತಿದ್ದ ಕಡೆ ಈಗ ಲಾರಿಗಳು ಕೂಗುತ್ತವೆ. ಬಡಾವಣೆಯಿಂದ ಕೈಬಿಟ್ಟ ಜಮೀನುಗಳ ಕಥೆಯಂತೂ 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗವನ್ನೇ ನೇಮಿಸುವವರೆಗೆ ಹೋಯಿತು. ಹಕ್ಕಿಗಳ ಪರವಾಗಿ ನೇಮಕವಾದ ಆಯೋಗ ಅದಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗೋಮಾಳದ ವಿಚಾರ ನೋಡಿ. ನೂರು ದನಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ ನೆಲವನ್ನು ಪ್ರತಿ ಹಳ್ಳಿಯಲ್ಲಿಯೂ ಮೇವಿಗೆ ಮೀಸಲಿಡಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ದನಗಳಿಗೆಂದು ಬಿಟ್ಟ ನೆಲದಲ್ಲಿಯೇ ಮೊಲಕ್ಕೆ ಪೊದೆ, ಲಾವಕ್ಕಿಗೆ ಹುಲ್ಲು, ಟಿಟ್ಟಿಭಕ್ಕೆ ಬರಿನೆಲ ದೊರೆಯುತ್ತಿದ್ದವು. ದನ ಕಡಿಮೆಯಾಯಿತು, ಕೂಡಲೇ ‘ಹೆಚ್ಚುವರಿ ಗೋಮಾಳ’ ಎಂಬ ಮಾತು ಹುಟ್ಟಿತು. ದನದ ತಲೆ ಎಣಿಸಿ ನೆಲವನ್ನು ಅಳೆದವರು ಮೊಲದ ತಲೆಯನ್ನು ಯಾವ ಲೆಕ್ಕಕ್ಕೂ ಹಿಡಿಯಲಿಲ್ಲ. ಕೆರೆಗಳ ಗತಿಯೂ ಇಷ್ಟೇ. ಕೆ. ಬಿ. ಕೋಳಿವಾಡರ ಅಧ್ಯಕ್ಷತೆಯ ಸದನ ಸಮಿತಿ 2017ರ ವರದಿಯಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಕೆರೆಯಂಗಳಗಳಲ್ಲಿ ಹತ್ತು ಸಾವಿರ ಎಕರೆಗೂ ಮೀರಿ ಒತ್ತುವರಿಯಾಗಿದೆಯೆಂದು ತೋರಿಸಿತು. ಒತ್ತಿದವರಲ್ಲಿ ಖಾಸಗಿಯವರಷ್ಟೇ ಅಲ್ಲ, ಸರ್ಕಾರದ ಸಂಸ್ಥೆಗಳೂ ಇದ್ದವು. ಬೇಲಿಯೇ ಎದ್ದು ಹೊಲ ಮೇದ ಗಾದೆಗೆ ಇದಕ್ಕಿಂತ ವಿವರವಾದ ವ್ಯಾಖ್ಯಾನ ಸಿಕ್ಕುವುದಿಲ್ಲ.

ಈಗ ಒಂದು ಸ್ವಾರಸ್ಯ. ‘ಬೇಟೆ’ ಎಂದರೇನೆಂಬುದಕ್ಕೆ ಕಾಯಿದೆಯೇ ಅರ್ಥ ಕೊಟ್ಟಿದೆ. ಕೊಲ್ಲುವುದು, ಹಿಡಿಯುವುದು, ವಿಷವಿಕ್ಕುವುದು, ಉರುಲಿಗೆ ಬೀಳಿಸುವುದು ಮಾತ್ರವಲ್ಲ. ಕಾಡುಹಕ್ಕಿಯ ಮೊಟ್ಟೆಯನ್ನು ಹಾಳುಮಾಡುವುದೂ, ಮೊಟ್ಟೆ ಗೂಡುಗಳನ್ನು ಕದಲಿಸುವುದೂ ಬೇಟೆಯೇ. ನಾನು ವಕೀಲನಲ್ಲ, ಕನ್ನಡ ಮೇಷ್ಟ್ರು, ಶಬ್ದಾರ್ಥವನ್ನಷ್ಟೇ ಬಲ್ಲೆ. ಆ ಅರ್ಥವನ್ನು ಹಿಡಿದು ಓದಿದರೆ, ಒಂದೇ ಬೆಳಗಿನಲ್ಲಿ ಜೊಂಡನ್ನೂ ಪೊದೆಯನ್ನೂ ಗೂಡುಸಹಿತ ಕೆತ್ತಿ ಸಪಾಟು ಮಾಡುವ ಜೆಸಿಬಿ ಯಂತ್ರಕ್ಕಿಂತ ದೊಡ್ಡ ಬೇಟೆಗಾರ ಯಾವನು? ಗೂಡಿಗೆ ಕೈಹಾಕಿದ ಹುಡುಗನನ್ನು ಹಿಡಿಯುತ್ತೇವೆ. ಗೂಡಿದ್ದ ಗುಡ್ಡವನ್ನೇ ಹೊತ್ತೊಯ್ದವನಿಗೆ ಗೃಹಪ್ರವೇಶದ ದಿನ ಹಾರ ಹಾಕುತ್ತೇವೆ. ಆಮೇಲೆ ಆ ಕಟ್ಟಡಕ್ಕೆ ಕೆರೆಯ ಹೆಸರನ್ನೋ ಹಕ್ಕಿಯ ಹೆಸರನ್ನೋ ಇಟ್ಟು, ಹನ್ನೆರಡನೆಯ ಮಹಡಿಯ ಬಿಸಿಲುಮಚ್ಚಿನಲ್ಲಿ ಕುಳಿತು ಪ್ರಾಣಿದಯೆಯ ಮಾತಾಡುತ್ತೇವೆ. ಮಾಂಸ ತಿನ್ನದಿದ್ದ ಮಾತ್ರಕ್ಕೆ ಕೈ ಶುದ್ಧವಾಗುವುದಾದರೆ ಜನ್ನ ‘ಯಶೋಧರ ಚರಿತೆ’ಯನ್ನು ಬರೆಯಬೇಕಾಗಿರಲಿಲ್ಲ. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಪಾಪ ಮಾತ್ರ ಜನ್ಮಜನ್ಮಾಂತರಕ್ಕೂ ಬೆನ್ನುಬಿಡಲಿಲ್ಲ.

ಕಾಯಿದೆಯ ಭಾರ ಯಾರ ಬೆನ್ನಿನ ಮೇಲೆ ಬಿತ್ತೆಂಬುದನ್ನೂ ನೆನೆಯಬೇಕು. ಹಕ್ಕಿ ಹಿಡಿದು ಬದುಕುತ್ತಿದ್ದ ಹಕ್ಕಿಪಿಕ್ಕಿ ಜನ ಆ ಕಸುಬನ್ನು ಬಿಟ್ಟರು. ಬಿಡಬೇಕಾದದ್ದೇ. ಹುಣಸೂರಿನ ಬಳಿ ಅವರು ನೆಲೆನಿಂತ ಊರಿಗೆ ಪಕ್ಷಿರಾಜಪುರವೆಂದು ಹೆಸರು. ಹಕ್ಕಿ ಹೆಸರಿನಲ್ಲಿ ಉಳಿಯಿತು, ಅನ್ನ ಬೇರೆ ಕಡೆ ಹುಡುಕಬೇಕಾಯಿತು; ಗಿಡಮೂಲಿಕೆ ಮಾರುತ್ತ ದೇಶಾಂತರ ಹೋದವರಲ್ಲಿ ಕೆಲವರು 2023ರಲ್ಲಿ ಸೂಡಾನಿನ ಯುದ್ಧದ ನಡುವೆ ಸಿಕ್ಕಿಬಿದ್ದುದನ್ನು ನಾಡೆಲ್ಲ ಓದಿತು. ಹಕ್ಕಿಗಾಗಿ ಅವರು ತಮ್ಮ ಬದುಕನ್ನೇ ಬದಲಿಸಿದರು. ಹಕ್ಕಿಗಾಗಿ ನಾವು ಒಂದು ನಿವೇಶನವನ್ನು ಬಿಟ್ಟದ್ದುಂಟೆ?

“ಊರು ಬೆಳೆಯಬಾರದೇ? ಜನ ಎಲ್ಲಿ ವಾಸಮಾಡಬೇಕು?” ಎಂದು ಕೇಳುವವರಿದ್ದಾರೆ. ನಾನೂ ಬಾಡಿಗೆಮನೆಯಲ್ಲಿ ಬೆಳೆದವನೇ. ಸೂರಿಲ್ಲದವನಿಗೆ ಗೌಜಲದ ಕಥೆ ಹೇಳುವ ಕ್ರೌರ್ಯ ನನ್ನದಲ್ಲ. ಜನಕ್ಕೆ ಮನೆ ಬೇಕು, ಸರಿ. ಆದರೆ ಎಲ್ಲರದಾದ ನೆಲ ಕೆಲವರದಾಗುವುದಕ್ಕೆ ಬೆಳವಣಿಗೆಯೆಂಬ ಹೆಸರು ಏಕೆ? ರಾಚೇನಹಳ್ಳಿ, ಜಕ್ಕೂರು ಕೆರೆಗಳು ಇನ್ನೂ ಉಸಿರಾಡುತ್ತಿವೆ. ಅಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳನ್ನು ಬೆಳಗಿನ ಹೊತ್ತು ಯಾರು ಬೇಕಾದರೂ ನೋಡಬಹುದು. ಊರೂ ಕೆರೆಯೂ ಒಟ್ಟಿಗೆ ಬಾಳಬಹುದೆಂಬುದಕ್ಕೆ ಅವೇ ಸಾಕ್ಷಿ. ಆದರೆ ನೀರುಹಕ್ಕಿಗೆ ಕೆರೆಯಾದರೂ ಇದೆ, ಬಯಲುಹಕ್ಕಿಗೆ ಏನಿದೆ? ಕುರುಚಲು ಬಯಲನ್ನು ‘ಪಾಳು’ ಎಂದು ಕರೆದು ಕೊಂದಷ್ಟು ಹಕ್ಕಿಗಳನ್ನು ನಾವು ಬಂದೂಕಿನಿಂದ ಕೊಂದಿಲ್ಲ.

ಆದ್ದರಿಂದ, ಅಪ್ಪಾ, ನಿನ್ನ ಪ್ರಶ್ನೆಗೆ ಉಳಿದರ್ಧ ಉತ್ತರ ಇದು. ನೀನು ಹೊಸಬ, ನಿನಗೊಂದು ಸಾರ್ವಜನಿಕ ಜಾಗ ಬೇಕು; ಸಂತೋಷ. ಆ ಜಾಗವನ್ನೇ ಮೊದಲು ಬೇಟೆಯಾಡು. ಗ್ರಾಮನಕ್ಷೆ ಸರ್ಕಾರದ ಭೂದಾಖಲೆಗಳ ಜಾಲತಾಣದಲ್ಲಿಯೇ ಸಿಕ್ಕುತ್ತದೆ. ನೀನು ನಿಂತ ನೆಲದ ಸರ್ವೆ ನಂಬರನ್ನು ದಿಶಾಂಕ್ ಎಂಬ ಆ್ಯಪ್ ಕೈಯಲ್ಲಿರುವ ಫೋನಿನಲ್ಲಿಯೇ ತೋರಿಸುತ್ತದೆ. ತಾತನನ್ನು ಜೊತೆಗೆ ಕರೆದುಕೊಂಡು ಹೋಗು. ಉರುಲು ಹಾಕುತ್ತಿದ್ದ ಜಾಗವನ್ನು ಅವರು ಬೆರಳಿಟ್ಟು ತೋರಿಸಲಿ. ಅದು ದಾಖಲೆಯಲ್ಲಿ ಗೋಮಾಳವೋ, ಖರಾಬೋ, ರಾಜಕಾಲುವೆಯೋ ಬರೆದುಕೊ. ಇಂದು ಅದರ ಮೇಲೆ ಏನು ನಿಂತಿದೆ, ಅದನ್ನೂ ಬರೆದುಕೊ. ಆಮೇಲೆ ತಹಶೀಲ್ದಾರರಿಗೆ ಅರ್ಜಿ ಕೊಡು. ಸರ್ಕಾರಿ ಭೂಮಿ ಕಬಳಿಸುವವರ ಮೇಲೆ 2011ರ ಭೂಕಬಳಿಕೆ ನಿಷೇಧ ಕಾಯಿದೆಯುಂಟು, ಅದಕ್ಕೆಂದೇ ವಿಶೇಷ ನ್ಯಾಯಾಲಯವೂ ಬೆಂಗಳೂರಿನಲ್ಲಿಯೇ ಉಂಟು. ಈ ಬೇಟೆಗೆ ಲೈಸೆನ್ಸು ಬೇಡ, ಋತುಮಾನವಿಲ್ಲ. ಕಾಲು ನೋಯುತ್ತದೆ, ಗುಮಾಸ್ತರು ಗದರುತ್ತಾರೆ, ಬಲಿಷ್ಠರು ಹೆದರಿಸಿಯಾರು. ಒಬ್ಬನೇ ಹೋಗಬೇಡ, ನಾಲ್ವರು ಸೇರಿ ಹೋಗಿ. ನಾನೂ ಬರುತ್ತೇನೆ.

ಒಂದು ಎಕರೆ ಕುರುಚಲು ಊರಿನ ಹೆಸರಿನಲ್ಲಿ ಉಳಿದರೂ ಸಾಕು. ಮೊಲ ಬಂದರೆ ಬರಲಿ. ಬಂದ ದಿನ ಅದನ್ನು ಹೊಡೆಯಬೇಕೆಂದು ನಿನಗೆ ಅನ್ನಿಸಲಾರದು. ಅನ್ನಿಸಿದರೆ ಆಗ ಇನ್ನೊಮ್ಮೆ ಬಂದು ಕೇಳು.