ಸತ್ತ ದನ ಸುಲಿದ ಕೈಗೆ ಸೂಕ್ಷ್ಮದರ್ಶಕ



ಜೀವವಿಜ್ಞಾನದ ಪ್ರಯೋಗಶಾಲೆಯೊಳಗೆ ನಡೆಯೋದಾದರೂ ಏನು? ಇಲಿ ಕೊಯ್ಯೋದು, ರಕ್ತ ಮುಟ್ಟೋದು, ಚರಂಡಿ ನೀರಲ್ಲಿ ರೋಗಾಣು ಹುಡುಕೋದು. ಚರ್ಮದ ಪದರ, ಮಾಂಸದ ಎಳೆ, ಮೂಳೆಯ ಸಂದು ಇವನ್ನೆಲ್ಲ ನಮ್ಮ ತಾತಂದಿರು ಸತ್ತ ದನ ಸುಲಿಯುತ್ತಾ ಕೈಯಲ್ಲೇ ಕಲಿತವರು. ಅವರಿಗೆ ಸಿಕ್ಕ ಬಿರುದು ಮೈಲಿಗೆ. ಅದೇ ಕೆಲಸವನ್ನ ಗ್ಲೌಸು ಹಾಕಿಕೊಂಡು ಮಾಡಿದವರಿಗೆ ಡಾಕ್ಟರೇಟು!

ಈ ವಿದ್ಯೆ ಬರೀ ಪುಸ್ತಕದಿಂದ ಬರಲ್ಲ. ಜೀವಕೋಶ ಬೆಳೆಸೋದು, ಸ್ಲೈಡಿಗೆ ಬಣ್ಣ ಹಿಡಿಸೋದು, ಹತ್ತು ಸಲ ಕೆಟ್ಟ ಪ್ರಯೋಗವನ್ನ ಹನ್ನೊಂದನೇ ಸಲ ಮಾಡೋದು, ಇದೆಲ್ಲಾ ಬಲ್ಲವರ ಪಕ್ಕದಲ್ಲಿ ನಿಂತು ಕಲೀಬೇಕು. ಪಕ್ಕದಲ್ಲಿ ಯಾರು ನಿಲ್ಲಬಹುದು ಅನ್ನೋದನ್ನ ತೀರ್ಮಾನಿಸುವವನು ಗೈಡು. ಜಾತಿ ಹೊಸ ಹೊಸ್ತಿಲು ಕಟ್ಟಿಕೊಂಡಿರೋದು ಅಲ್ಲೇ.

ಬರೆಯೋ ಪರೀಕ್ಷೆಯಲ್ಲಿ ನಮಗೆ ಬರೀ ನಂಬರು. ಸಂದರ್ಶನದಲ್ಲಿ ಹೆಸರು, ಊರು, ನಮ್ಮ ಇಂಗ್ಲಿಷು ಎಲ್ಲವೂ ಬಯಲು. 2022ರ ಯುಜಿಸಿ ನಿಯಮದಂತೆ ವಿಶ್ವವಿದ್ಯಾಲಯದ ಪಿಎಚ್.ಡಿ. ಪ್ರವೇಶ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30. ಜೆಆರ್‌ಎಫ್ ಗೆದ್ದು ಬಂದವರಿಗೂ ಸಂದರ್ಶನ ತಪ್ಪಿದ್ದಲ್ಲ. ಇನ್ನು ಕೇಂದ್ರದ ಸಂಸ್ಥೆಗಳು. ಪ್ರವೇಶದಲ್ಲಿ ಮೀಸಲಾತಿ ಕೊಟ್ಟ 2006ರ ಕಾಯ್ದೆಯೇ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಮಾನೇಸರದ ಮೆದುಳು ಸಂಶೋಧನಾ ಕೇಂದ್ರ, ನಮ್ಮ ಬೆಂಗಳೂರಿನ ಜಕ್ಕೂರಲ್ಲಿರೋ ಜವಾಹರಲಾಲ್ ನೆಹರೂ ಕೇಂದ್ರಗಳನ್ನ ಹೊರಗಿಟ್ಟಿತು. ಅಧ್ಯಾಪಕರ ಮೀಸಲಾತಿಯ 2019ರ ಕಾಯ್ದೆಯೂ ಅದನ್ನೇ ಮಾಡಿತು. ಅವು 'ಶ್ರೇಷ್ಠ' ಸಂಸ್ಥೆಗಳಂತೆ. ನಾವು ಕಾಲಿಡದಿದ್ದರೆ ಮಾತ್ರ ಉಳಿಯೋದು ಎಂಥ ಶ್ರೇಷ್ಠತೆ?

ಒಳಗೆ ಹೋದ ಮೇಲೂ ಕಾಟ ಮುಗಿಯಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕ ರೋಹಿತ್ ವೇಮುಲನಿಗೆ 2015ರ ಜುಲೈಯಿಂದ ಫೆಲೋಶಿಪ್ ಬರಲಿಲ್ಲ. ಹಾಸ್ಟೆಲಿನಿಂದಲೂ ಹೊರಹಾಕಿದರು. 2016ರ ಜನವರಿ 17ರಂದು ಅವನನ್ನ ಕಳಕೊಂಡೆವು. ಫೆಲೋಶಿಪ್ ಅಂದರೆ ಭಿಕ್ಷೆಯಲ್ಲ. ದುಡಿದ ಕೈಗೆ ಬರಬೇಕಾದ ಅನ್ನ ಅದು. ಅದರಲ್ಲೇ ಊರಿನ ಸಾಲವೂ ತೀರಬೇಕು.

ಹಾಗಂತ ಹಿಂದೆ ಸರಿಯೋಣವೇ? ಕೂಡದು. ಸಿಎಸ್‌ಐಆರ್ ನೆಟ್ ಜೀವವಿಜ್ಞಾನ ಪತ್ರಿಕೆ 200 ಅಂಕದ್ದು, ಮೂರು ಭಾಗದ್ದು. ತಪ್ಪು ಉತ್ತರಕ್ಕೆ ಅಂಕ ಕಳೀತಾರೆ. ಪಾಸಾದ ಅಣ್ಣಂದಿರು, ಅಕ್ಕಂದಿರು ಭಾನುವಾರ ಹಾಸ್ಟೆಲಿನಲ್ಲಿ ಕೂತು ಹೇಳಿಕೊಡಲಿ. ಜೆಆರ್‌ಎಫ್ ಮೊತ್ತ 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿತು. ಎರಡು ವರ್ಷ ಕಳೆದು ಎಸ್‌ಆರ್‌ಎಫ್ ಆದರೆ 42,000. ನಿಮ್ಮ ಪಾಲು ಎಷ್ಟು, ಯಾವ ತಿಂಗಳದ್ದು ಬಾಕಿ ಅಂತ ಲೆಕ್ಕ ಇಡಿ. ಪ್ರತಿ ಸಂಶೋಧಕನಿಗೂ ಒಂದು ಸಲಹಾ ಸಮಿತಿ ಇರಬೇಕು, ಸೆಮಿಸ್ಟರಿಗೊಮ್ಮೆ ಅದು ಕೆಲಸ ನೋಡಬೇಕು ಅಂತ 2022ರ ನಿಯಮವೇ ಹೇಳುತ್ತೆ. ಗೈಡು ಮಾತು ಬಿಟ್ಟರೆ ಮೂಲೆ ಸೇರಿ ಕೊರಗಬೇಡಿ. ಸಮಿತಿ ಮುಂದೆ ಬರವಣಿಗೆಯಲ್ಲಿ ಇಡಿ, ಒಂದು ಪ್ರತಿ ಸಂಘಟನೆಗೂ ಕೊಡಿ.

ನಮ್ಮ ಬೇಡಿಕೆ ಎರಡು. 'ಶ್ರೇಷ್ಠ'ರ ಆ ಪಟ್ಟಿ ರದ್ದಾಗಲಿ. ಫೆಲೋಶಿಪ್ ತಿಂಗಳು ತಿಂಗಳು ಕೈಸೇರಲಿ.

ಸೂಕ್ಷ್ಮದರ್ಶಕದ ಕೆಳಗಿಟ್ಟ ರಕ್ತ ಯಾರ ಜಾತಿಯನ್ನೂ ಹೇಳಲ್ಲ. ಮೇಲಿನಿಂದ ನೋಡುವ ಕಣ್ಣು ಇನ್ನೂ ಕೇಳ್ತಾ ಇದೆ. ಆ ಕಣ್ಣಿನ ಜಾಗಕ್ಕೆ ನಮ್ಮ ಕಣ್ಣೂ ಬರಬೇಕು.

ಜೈಭೀಮ್.